ಹಾಲ್‌ನ ಬಲ್ಬ್ ಬಿಚ್ಚಿದವರು

ಬೆಳಿಗ್ಗೆ ಏಳು ಗಂಟೆ. ಸ್ಪಂದನ ಹಾಲ್‌ನ ಸ್ವಿಚ್ ಒತ್ತಿದಳು. ಹಳದಿ ಬೆಳಕು ಚೆಲ್ಲಿತು. ಅವಳು ಹಾಕಿದ್ದ ಎಲ್‌ಇಡಿ ಬಲ್ಬ್ ಮಾಯ. ಆ ಜಾಗದಲ್ಲಿ ಅರವತ್ತು ವ್ಯಾಟ್‌ನ ಹಳೇ ಬುರುಡೆ ಬಲ್ಬ್. ಒಂದೇ ವಾರದಲ್ಲಿ ಇದು ಮೂರನೇ ಸಲ.

ಅನುಮಾನ ಮಾವ ಗುರುಬಸಪ್ಪನವರ ಮೇಲೆ ಬಿತ್ತು. ಬಿಳಿ ಲೈಟು ಹಾಕಿ ಮನೇನ ಆಸ್ಪತ್ರೆ ಮಾಡಿದೀಯ ಎಂದು ಗೊಣಗಿದ್ದವರು ಅವರೇ. ಮಾವ ಸೊಸೆಯ ನಡುವೆ ಮಾತು ನಿಂತಿತ್ತು. ಸ್ಪಂದನ ಮಹಡಿ ಹತ್ತಿ ಶಶಿಕಲಾ ಆಂಟಿಯನ್ನು ಕರೆತಂದಳು. ಅವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್.

* * *

ಶಶಿಕಲಾ ಮನೆಯೆಲ್ಲ ಸುತ್ತಿದರು. ಅಡುಗೆಮನೆ, ರೂಮು, ಬಚ್ಚಲುಮನೆ, ಎಲ್ಲ ಕಡೆ ಎಲ್‌ಇಡಿ ಹಾಗೇ ಇತ್ತು. ಹಾಲ್‌ನದು ಮಾತ್ರ ಇರಲಿಲ್ಲ.

ಗುರುಬಸಪ್ಪ ಬೇಸರದಿಂದ ಹೇಳಿದರು. "ನಾನು ಟಿವಿ ನೋಡೋದೇ ಲೈಟ್ ಆರಿಸಿ. ಬೇಡ ಅಂದ್ರೆ ಸ್ವಿಚ್ ಆಫ್ ಮಾಡ್ತೀನಿ. ಬಲ್ಬ್ ಯಾಕೆ ಬಿಚ್ಚಲಿ?"

ಮಾತು ನ್ಯಾಯವಾಗಿತ್ತು. ಶಶಿಕಲಾ ಗೋಡೆಯ ಹೋಲ್ಡರ್ ಹತ್ತಿರ ಮುಖ ತಂದರು. ಅಲ್ಲೊಂದು ರೇಷ್ಮೆ ದಾರದ ಎಳೆ ಸಿಕ್ಕಿಕೊಂಡಿತ್ತು. ಅದರ ಕೆಳಗೇ ಅತ್ತೆ ವಿಮಲಮ್ಮನ ಚಾಪೆ. ಸೀರೆಗಳಿಗೆ ಕುಚ್ಚು ಕಟ್ಟುವುದು ಅವರ ಕೆಲಸ. ಚಾಪೆಯ ಮೇಲೊಂದು ಮದುವೆ ಸೀರೆ. ಕುಚ್ಚು ಅರ್ಧ ಬಿಚ್ಚಿತ್ತು.

"ವಿಮಲಮ್ಮ, ಕಟ್ಟಿದ್ದನ್ನ ಯಾಕೆ ಬಿಚ್ತಾ ಇದೀರಿ?"

ವಿಮಲಮ್ಮ ತಲೆ ತಗ್ಗಿಸಿದರು. ದಾರದ ಡಬ್ಬಿಯಿಂದ ಮೂರು ಎಲ್‌ಇಡಿ ಬಲ್ಬ್ ತೆಗೆದು ಮುಂದಿಟ್ಟರು. ಹೊಸ ಬೆಳಕಲ್ಲಿ ಮೆರೂನ್ ದಾರದ ಬದಲು ಕಾಫಿ ಬಣ್ಣದ ದಾರ ಕಟ್ಟಿದ್ದರಂತೆ. ಹಳೇ ಬಲ್ಬಿನಡಿ ನೋಡಿದಾಗಲೇ ತಪ್ಪು ಗೊತ್ತಾಗಿದ್ದು. ಹೇಳಲು ಹೆದರಿ ಗುಟ್ಟಾಗಿ ಬಲ್ಬ್ ಬದಲಿಸುತ್ತಿದ್ದರು; ಬಂದ ಮೂರು ಹೊಸ ಸೀರೆಗಳನ್ನೂ ಬೇಡವೆಂದಿದ್ದರು.

"ನನ್ನ ಕಣ್ಣು ಹೋಯ್ತು ಅನ್ಕೊಂಡೆ ಕಣೇ," ಎಂದರು ಸೊಸೆಗೆ.

* * *

ಪಕ್ಕದ ಮನೆಯ ಗೋಡೆ ಅಂಟಿಕೊಂಡಿದ್ದರಿಂದ ಹಗಲಲ್ಲೂ ಹಾಲ್ ಕತ್ತಲು. ಶಶಿಕಲಾ ಎಲ್‌ಇಡಿ ಹಾಕಿ, ಎರಡು ದಾರ ಹಿಡಿದು, ಮೆರೂನ್ ಯಾವುದೆಂದು ಸ್ಪಂದನಳನ್ನು ಕೇಳಿದರು. ಅವಳು ಕಾಫಿ ಬಣ್ಣ ತೋರಿಸಿದಳು. ಗುರುಬಸಪ್ಪನೂ ಅದನ್ನೇ ತೋರಿಸಿದರು.

"ಕಣ್ಣು ಸರಿಯಾಗೇ ಇದೆ," ಎಂದರು ಶಶಿಕಲಾ. "ಈ ಅಗ್ಗದ ಬಲ್ಬು ಕೆಂಪನ್ನ ಸರಿಯಾಗಿ ತೋರಿಸಲ್ಲ. ಎಲ್ಲಾ ಎಲ್‌ಇಡಿನೂ ಹೀಗಲ್ಲ."

ಮಧ್ಯಾಹ್ನ ಮೂವರು ಹೆಂಗಸರೂ ದಾರಗಳನ್ನು ಹಿಡಿದು ದರ್ಶನ್‌ನ ಎಲೆಕ್ಟ್ರಿಕಲ್ ಅಂಗಡಿಗೆ ಹೋದರು. ಅವನು ಒಂದೊಂದೇ ಬಲ್ಬ್ ಉರಿಸಿದ. ಆರನೆಯದರಲ್ಲಿ ಮೆರೂನ್ ಮೆರೂನಾಗಿಯೇ ಕಂಡಿತು. ಒಂಬತ್ತೇ ವ್ಯಾಟ್‌ನ ಎಲ್‌ಇಡಿ, ಬೆಳಕು ಎಳೆ ಹಳದಿ. ವಿಮಲಮ್ಮ ನಕ್ಕುಬಿಟ್ಟರು.

ಮನೆಗೆ ಬಂದು ಸ್ಪಂದನ ಮಾವನ ಕ್ಷಮೆ ಕೇಳಿದಳು. ಅವರು ಕಾಫಿ ಕೇಳಿದರು. ಅಷ್ಟರಲ್ಲಿ ವಿಮಲಮ್ಮ ಫೋನ್ ಹಿಡಿದಿದ್ದರು.

"ಆ ಮೂರು ಸೀರೆ ಬೇರೆಯವರಿಗೆ ಕೊಟ್ಟಿಲ್ಲ ತಾನೇ? ಇವತ್ತೇ ಕಳಿಸಿ. ನಾನೇ ಕಟ್ತೀನಿ."