ಬೀಗರ ದೋಣಿಯ ತಂತಿ

೧೯೫೭ನೆಯ ಇಸವಿ ಮೇ ಹದಿನಾಲ್ಕು, ಮಂಗಳವಾರ. ಗುಂಡ್ಲುಪೇಟೆ ಸೀಮೆಯ ಒಂದು ಠಾಣೆಯ ಬಾಗಿಲು ತೆರೆಯುವ ಹೊತ್ತಿಗೇ ಚಿಕ್ಕಮಾದಮ್ಮ ಎಂಬ ಹೆಂಗಸು ಗಂಡನ ಓಲಗವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು.

“ಊದೋನು ನೀರ್ಗೋದ ಬುದ್ಧಿ. ಇದೊಂದು ತೇಲ್ಕಂಡು ದಡಕ್ಕೆ ಬಂತು” ಎಂದಳು.

ಸಬ್‌ಇನ್ಸ್‌ಪೆಕ್ಟರ್ ನೀಲಕಂಠಸ್ವಾಮಿ ಆಕೆಯ ಹೇಳಿಕೆ ಬರೆಸಿಕೊಂಡರು. ಹೊಸಕಟ್ಟೆಯ ಜಮೀನುದಾರ ಮರಿಮಲ್ಲಪ್ಪನವರ ಮಗಳು ಚಂದ್ರಮತಿಯ ಮದುವೆ. ಗಂಡಿನವರು ಉಮ್ಮತ್ತೂರಿನವರು. ಹೊಸಕಟ್ಟೆಗೆ ಕೆರೆಯೇ ಗಡಿ. ಮದುವಣಿಗನನ್ನು ಆಚೆ ದಡದಲ್ಲಿ ಎದುರುಗೊಂಡು ದೋಣಿಯಲ್ಲಿ ಕರೆತರುವುದು ಹಿಂದಿನಿಂದ ಬಂದ ವಾಡಿಕೆ. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಲಾರಿಯ ಬ್ಯಾಟರಿ ಇಟ್ಟು ದೋಣಿಯ ಸುತ್ತ ಬಣ್ಣದ ಬಲ್ಬು ಹಾಕಿಸಿದ್ದರು. ಹಿಂದಿನ ರಾತ್ರಿ ನಡುನೀರಿನಲ್ಲಿ ಚಿಟಚಿಟನೆ ಕಿಡಿ ಹಾರಿ ದೀಪವೆಲ್ಲ ಒಮ್ಮೆಲೇ ಆರಿತು. ಕತ್ತಲೆಗೆ ಬೆದರಿದ ಜನ ಎದ್ದು ಒಂದೇ ಮಗ್ಗುಲಿಗೆ ನುಗ್ಗಿದರು, ದೋಣಿ ಮಗುಚಿತು. ಉಳಿದವರೆಲ್ಲ ದಡ ಸೇರಿದರು. ಓಲಗದ ಪುಟ್ಟಮಾದಯ್ಯ ಸೇರಲಿಲ್ಲ.

ಅಜಾಗರೂಕತೆಯಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹೊಸಕಟ್ಟೆಯಲ್ಲಿ ಪಂಚನಾಮೆ. ತಂತಿಯನ್ನೂ ಬ್ಯಾಟರಿಯನ್ನೂ ನೀರಿನಿಂದ ತೆಗೆಸಿ ಜಪ್ತಿ ಮಾಡಿದರು. ಮದುವೆ ನಿಂತಿತ್ತು, ಬೀಗರು ಚಪ್ಪರದಡಿಯಲ್ಲಿ ಕುಳಿತಿದ್ದರು. ಮರಿಮಲ್ಲಪ್ಪನವರು ನೀಲಕಂಠಸ್ವಾಮಿಯವರನ್ನು ನಡುಮನೆಗೆ ಕರೆದು ಹಾಲು ಕೊಟ್ಟರು. ಕೊರಳಿನ ಲಿಂಗಕ್ಕೆ ಕಟ್ಟಲೆಂದು ತಾವೇ ತೊಡೆಯ ಮೇಲೆ ಹೊಸೆದ ಹೊಸ ಶಿವದಾರವೊಂದನ್ನೂ ಕೈಗಿತ್ತು, “ನಮ್ಮೋರೇ ಬಂದ್ರಲ್ಲ, ಅದೇ ಧೈರ್ಯ” ಎಂದರು.

“ವೈರು ಎಳೆದವರು ಯಾರು?”

“ಟೂರಿಂಗ್ ಟಾಕೀಸಿನ ಮಾದಣ್ಣ.”

ಅಷ್ಟು ಸಾಕಾಯಿತು. ಮಾದಣ್ಣನ ಕೈಗೆ ಹಗ್ಗ ಬಿಗಿದು, ಬೀಗರ ಕಣ್ಣೆದುರಿಗೇ ದೊಡ್ಡ ಬೀದಿಯಲ್ಲಿ ನಡೆಸಿಕೊಂಡು ಬಂದರು. ಠಾಣೆಯಲ್ಲಿ ಅವನು ಹೇಳಿದ್ದು ಒಂದೇ ಮಾತು:

“ಒಂದ್ ತಂತಿ ಎಡಮಗ್ಗುಲಿಗೆ, ಒಂದ್ ಬಲಮಗ್ಗುಲಿಗೆ ಬುಟ್ಟಿದ್ದೆ ಬುದ್ಧಿ. ಹಳೇ ವೈರು, ಮೇಲಿನ ಬಟ್ಟೆ ಸವೆದಿತ್ತು. ಎರಡೂ ತಾಕ್ಬುಟ್ರೆ ಕೆಡ್ತದೆ ಅಂತ ದೂರ ಇಟ್ಟಿದ್ದೆ.”

“ಸುಳ್ಳು ಬೊಗಳಬೇಡ. ದೋಣಿಯಲ್ಲಿ ಎರಡೂ ಒಟ್ಟಿಗಿದ್ದವು” ಎಂದು ನೀಲಕಂಠಸ್ವಾಮಿ ಅವನ ಕೆನ್ನೆಗೆ ಹೊಡೆದರು. ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬ್ಯಾಟರಿ ಟಾಕೀಸಿನ ಲಾರಿಯದು, ಹುಷಾರು ಎಂದಷ್ಟೇ ಬೇಡಿಕೊಂಡ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ನೀಲಕಂಠಸ್ವಾಮಿ ಹಳೆಯ ಶಿವದಾರ ತೆಗೆದು ಹೊಸದನ್ನು ಧರಿಸಿದರು. ದಾರದ ತುದಿಯಲ್ಲಿ ಒಂದು ಕಿರುಗಂಟು. ಅದರ ಬಾಲವನ್ನು ಹಿಂದಕ್ಕೆ ಮಡಚಿ ಹುರಿಯೊಳಗೆ ಸೇರಿಸಿತ್ತು. ಅಚ್ಚುಕಟ್ಟಾದ ಕೈ ಎಂದುಕೊಂಡು ಠಾಣೆಗೆ ಬಂದರು.

ಮೇಜಿನ ಮೇಲೆ ಜಪ್ತಿಯಾದ ತಂತಿಯ ಸಿಂಬಿ ಒಣಗುತ್ತಿತ್ತು. ಎರಡು ತಂತಿಗಳನ್ನೂ ಜಡೆಯಂತೆ ಸೇರಿಸಿ, ಗೇಣಿಗೊಂದು ಕಡೆ ಬಿಳಿಯ ದಾರ ಬಿಗಿದಿತ್ತು. ಅದೇ ಹುರಿ. ಅದೇ ಗಂಟು. ಬಿಗಿದ ಒಂದೆಡೆ ಬಟ್ಟೆ ಸುಟ್ಟು ತಾಮ್ರಕ್ಕೆ ತಾಮ್ರ ಅಂಟಿತ್ತು. ನಿನ್ನೆ ಪಂಚರ ಮುಂದೆ ಅದನ್ನು ಎತ್ತಿ ತೋರಿಸಿದ ಕೈ ತಮ್ಮದೇ.

ಹೆಡ್ ಕಾನ್‌ಸ್ಟೇಬಲ್ ಚಿಕ್ಕಬಸವಯ್ಯ ಒಮ್ಮೆ ಸಿಂಬಿಯನ್ನೂ ಒಮ್ಮೆ ಸಾಹೇಬರ ಕುತ್ತಿಗೆಯನ್ನೂ ನೋಡಿದ. “ನಮ್ಮ ಸಾಕ್ಷಿ ಕೊರಳಲ್ಲೇ ಅದೆಯಲ್ಲ ಸ್ವಾಮಿ” ಎಂದು ಮೆಲ್ಲಗೆ ಅಂದ. ನೀಲಕಂಠಸ್ವಾಮಿ ಕಾಲರಿನ ಗುಂಡಿ ಹಾಕಿಕೊಂಡರು.

ಹೊಸಕಟ್ಟೆಯಲ್ಲಿ ಈ ಸಲ ಅವರು ಹಾಲು ಮುಟ್ಟಲಿಲ್ಲ.

ತಂತಿಯ ಸಿಂಬಿಯನ್ನು ಮುಂದಿಟ್ಟು, “ಈ ದಾರ?” ಎಂದರು.

ಮರಿಮಲ್ಲಪ್ಪನವರು ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. “ನಂದೇ.”

“ಕಟ್ಟಿದ್ದು?”

“ನಾನೇ. ಬೀಗರು ಬರೋಕ್ ಮುಂಚೆ. ತಂತಿ ದೋಣಿ ತುಂಬ ಕರುಳು ಚೆಲ್ಲಿದಂಗೆ ಬಿದ್ದಿತ್ತು ಕಣಪ್ಪ. ಅದನ್ನ ತುಳ್ಕಂಡು ಹತ್ಬೇಕಾ ಅವ್ರು? ದೊಡ್ಡ ಮಗಳ ಮದ್ವೇಲಿ ಗ್ಯಾಸ್‌ಲೈಟು ಕೈಕೊಟ್ಟಾಗ, ಮರಿಮಲ್ಲಪ್ಪನ ಮನೇಲಿ ಯಾವುದಕ್ಕೂ ಕೊರತೆಯಿಲ್ಲ, ಕತ್ತಲೆಗಂತೂ ಇಲ್ವೇ ಇಲ್ಲ ಅಂತ ಆಗಿನ ಬೀಗ್ತಿ ಆಡಿದ್ಲು. ಹನ್ನೆರಡು ವರ್ಷ ಆಯ್ತು. ಇನ್ನೂ ಕಿವೀಲದೆ.”

“ಮಾದಣ್ಣನ ಮೇಲೆ ಯಾಕೆ ಹಾಕಿದಿರಿ?”

“ನಾನ್ ಹಾಕ್ನಿಲ್ಲ. ವೈರು ಎಳ್ದೋರು ಯಾರು ಅಂತ ಕೇಳಿದ್ರಿ, ಹೇಳ್ದೆ. ಕಟ್ಟಿದ್ದು ಯಾರು ಅಂತ ನೀವ್ ಕೇಳ್ಲೇ ಇಲ್ವಲ್ಲ.”

ಆ ಮಾತು ನೀಲಕಂಠಸ್ವಾಮಿಯವರ ಕೆನ್ನೆಗೆ ಬಿದ್ದಂತಾಯಿತು. ದಸ್ತಗಿರಿಯ ಕಾಗದಕ್ಕೆ ರುಜುವಾಯಿತು.

ಹೊರಡುವಾಗ ಮರಿಮಲ್ಲಪ್ಪನವರು ಹೆಗಲವಸ್ತ್ರವನ್ನು ಕೈಗೆ ತೆಗೆದುಕೊಂಡು ಕೇಳಿದರು: “ಚಪ್ಪರದಲ್ಲಿ ಬೀಗರು ಅವ್ರೆ. ಹಿತ್ತಲ ದಾರೀಲಿ ಹೋಗನವಾ?”

ಹೂಂ ಎನ್ನುವುದು ಬಾಯಿಗೆ ಬಂದಿತ್ತು. ಹಗ್ಗ ಬಿಗಿದ ಮಾದಣ್ಣನ ಕೈ ಕಣ್ಣಮುಂದೆ ಸುಳಿಯಿತು. ಅವನು ಯಾವ ದಾರಿಯನ್ನೂ ಬೇಡಿರಲಿಲ್ಲ.

“ದೊಡ್ಡ ಬೀದಿಯಲ್ಲೇ ಹೋಗೋಣ” ಎಂದರು ನೀಲಕಂಠಸ್ವಾಮಿ. ಹಗ್ಗ ಹಾಕಿಸಲಿಲ್ಲ. ತಾವೇ ಮುಂದೆ ನಡೆದರು, ತಲೆ ತಗ್ಗಿಸಿಕೊಂಡು. ಹಿಂದೆ ಬರುತ್ತಿದ್ದ ಮರಿಮಲ್ಲಪ್ಪನವರ ತಲೆ ಅದಕ್ಕಿಂತ ತಗ್ಗಿತ್ತೋ ಇಲ್ಲವೋ, ನೋಡಿದವರು ಬೇರೆ ಬೇರೆಯಾಗಿ ಹೇಳುತ್ತಾರೆ.

ಸಂಜೆ ಮಾದಣ್ಣನನ್ನು ಬಿಟ್ಟರು. ಬ್ಯಾಟರಿಯನ್ನು ಸಾಹೇಬರೇ ಎತ್ತಿ ಅವನ ಹೆಗಲಿಗಿಟ್ಟರು. ಅವನು ಅದನ್ನು ಸರಿಮಾಡಿಕೊಂಡು ಟಾಕೀಸಿನ ಕಡೆ ನಡೆದ.

ಮರಿಮಲ್ಲಪ್ಪನವರಿಗೆ ಯಾರ ಮೇಲೂ ಹಗೆಯಿರಲಿಲ್ಲ. ಬೀಗರು ಆ ತಂತಿಯ ಗೋಜಲನ್ನು ಕಾಣಬಾರದೆಂಬುದಷ್ಟೇ ಅವರ ಆಸೆ. ಉಮ್ಮತ್ತೂರಿನ ಬೀಗತಿ ಗುರುಮಲ್ಲಮ್ಮ ತನ್ನ ಹೇಳಿಕೆಯ ಕೊನೆಗೆ ಒಂದು ಮಾತು ಸೇರಿಸಿದ್ದಳು: “ತಂತಿನ ಯಾರ್ ನೋಡಿದ್ರು ಸ್ವಾಮಿ? ನಾವೆಲ್ಲ ದೀಪಾನೇ ನೋಡ್ತಿದ್ದೊ.”