ಮೊದಲ ಮೊಳ

ಅಂದು ಬೆಳಿಗ್ಗೆ ಆಷಾಢದ, ತಮಿಳರ ಆಡಿ ತಿಂಗಳ, ಗಾಳಿ ತಮಿಳು ಸೀಮೆಯ ಅನ್ನೂರಿನ ಬಯಲನ್ನು ಒಂದೇ ಸಮನೆ ಗುಡಿಸುತ್ತಿತ್ತು. ಮೋಡವಿತ್ತು, ಮಳೆಯಿರಲಿಲ್ಲ. ಇಂಥ ದಿನ ನೇಕಾರರ ಬೀದಿಯಲ್ಲಿ ಯಾರೂ ಕದ ತೆರೆಯುವುದಿಲ್ಲ. ಗಾಳಿ ಹೊಕ್ಕರೆ ಮಗ್ಗದ ಮೇಲಿನ ರೇಷ್ಮೆ ಎಳೆಗಳು ಸಿಕ್ಕಾಗುತ್ತವೆ.

ಅಂಥ ಒಂದು ಕದವನ್ನೇ ಯಾರೋ ಅಗಲವಾಗಿ ತೆರೆದು ನಿಂತರು.

ಮಗ್ಗದಲ್ಲಿ ಕುಳಿತಿದ್ದ ಕೃತ್ತಿಕಾಳ ಕಣ್ಣೆದುರೇ ನಾಲ್ಕಾರು ಎಳೆಗಳು ಕಡಿದುಹೋದವು. ತಲೆಯೆತ್ತಿ ನೋಡಿದಳು. ಬಿಳಿ ಅಂಗಿ ತೊಟ್ಟ ಅಪರಿಚಿತ, ತಮಿಳಿನಲ್ಲಿ ಏನೋ ಕೇಳುತ್ತಿದ್ದ.

"ದನ ಕಾಯೋನ್ಗೂ ಕದ ಮುಚ್ಚೋ ಬುದ್ಧಿ ಇರ್ತದೆ," ಎಂದು ಮನೆಮಾತಿನಲ್ಲಿ ಗೊಣಗಿದಳು. ಕನ್ನಡ ಅವನಿಗೆಲ್ಲಿ ತಿಳಿಯಬೇಕು...

ಅವನು ಕದ ಮುಚ್ಚಿ, ಅದಕ್ಕೆ ಬೆನ್ನು ಒತ್ತಿ ನಿಂತ.

"ನಮ್ಮನೇಲಿ ಎಂಟು ದನ ಇದಾವೆ. ಕೊಟ್ಟಿಗೆಗೆ ಕದ ಇಲ್ಲ. ಅದ್ಕೇ ಕಲೀಲಿಲ್ಲ," ಎಂದ, ಕನ್ನಡದಲ್ಲೇ.

ಕೃತ್ತಿಕಾಳ ಮುಖ ಕೆಂಪೇರಿತು. ಮೂಲೆಯಲ್ಲಿ ರಾಟೆ ತಿರುಗಿಸುತ್ತಿದ್ದ ಅಜ್ಜಿ ಲಕ್ಷ್ಮಿಯಮ್ಮಾಳ್ ನಗು ತಡೆಯಲಾರದೆ ರಾಟೆಯನ್ನೇ ನಿಲ್ಲಿಸಿದಳು.

ಅವನು ದಿವಾಕರ್. ಉಡುಮಲೈಪೇಟೆ ಕಡೆಯ, ಕನ್ನಡವೇ ಮನೆಮಾತಾದ ತೆಂಗಿನ ತೋಟದವರ ಮಗ. ಕೃತ್ತಿಕಾಳ ಅಣ್ಣನ ಮಗಳು ಇಂದುಜಾ ಓದುವ ಒಂದನೇ ತರಗತಿಗೆ ಹೊಸದಾಗಿ ಬಂದ ಮೇಷ್ಟ್ರು.

"ಕ್ಲಾಸಿನ ಗೋಡೆ ಬರಿದಾಗಿದೆ. ಮಿಕ್ಕ ನೂಲಿದ್ರೆ ಕೊಡಿ, ಮಕ್ಳ ಕೈಲಿ ಕುಚ್ಚು ಮಾಡಿಸ್ತೀನಿ," ಎಂದ.

ಅವಳು ಒಂದು ಚೀಲ ತುಂಬ ನೂಲು ಕೊಟ್ಟಳು.

ಮುಂದಿನ ಶನಿವಾರ ಅವನು ಮತ್ತೆ ಬಂದ. ಅದರ ಮುಂದಿನ ಶನಿವಾರವೂ. ಬಂದಾಗಲೆಲ್ಲ ಮೊದಲು ಕದ ಮುಚ್ಚಿ, "ಮುಚ್ಚಿದ್ದೀನಿ, ನೋಡಿ," ಎನ್ನುತ್ತಿದ್ದ. ಶುಕ್ರವಾರ ಬಂತೆಂದರೆ ಕೃತ್ತಿಕಾ ಒಳ್ಳೆಯ ಬಣ್ಣಗಳನ್ನು ಆರಿಸಿ ಬೇರೆಯಿಡುತ್ತಿದ್ದಳು.

'ಇದು ನೂಲಿನ ಮಾತು, ಅಷ್ಟೇ,' ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ನಂಬಲಿಲ್ಲ.

ಶಿಕ್ಷಕರ ದಿನ ಹತ್ತಿರವಾಯಿತು. ಅವನ ತರಗತಿಯ ಬಾಗಿಲಿಗೆ ತನ್ನ ಕೈಯಾರೆ ಒಂದು ತೋರಣ ಮಾಡಿ ಕೊಡಬೇಕೆಂದು ಅವಳಿಗೆ ಆಸೆಯಾಯಿತು. ಮಿಕ್ಕ ನೂಲಿನಲ್ಲಿ ಗಂಟುಗಳೇ ಹೆಚ್ಚು. ಆದರೆ ಆ ವಾರವೇ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸುನೂಲು ಏರಿತ್ತು. ಅದರ ಮೊದಲ ಮೊಳ ಸೀರೆಯ ಅಳತೆಗೆ ಸೇರುವುದಿಲ್ಲ. ಕೃತ್ತಿಕಾ ಆ ಮೊಳದಲ್ಲಿ ಹಸಿರು ಗಿಳಿಗಳ ಸಾಲು ನೇಯ್ದು, ಕತ್ತರಿಸಿ, ಅಂಚಿಗೆ ಮಾವಿನೆಲೆಯಂಥ ಕುಚ್ಚು ಕಟ್ಟಿದಳು. ನೇಯುವಾಗ ಹಾಡಿಕೊಂಡಳು ಕೂಡ.

ಇಂದುಜಾ ಅದನ್ನು ಎದೆಗವಚಿಕೊಂಡು ಶಾಲೆಗೆ ಹೋದಳು. ಸಂಜೆ ಓಡಿ ಬಂದಳು.

"ಅತ್ತೆ, ಸಾರ್ ಅದ್ನ ಬಾಗ್ಲಿಗೆ ಕಟ್ಟಿದ್ರು. ಆಮೇಲೆ ಪಾಠ ಮಾಡದೆ ಅದ್ನೇ ನೋಡ್ತಿದ್ರು!"

ಆ ಸಂತೋಷ ಒಂದು ಗಳಿಗೆಯೂ ಉಳಿಯಲಿಲ್ಲ.

"ಕಣ್ಣು, ಅಮ್ಮನ ಮೊಳ ಎಲ್ಲಿ?" ಅಜ್ಜಿ ಒಳಗಿನಿಂದ ಕೇಳಿದಳು.

ಕೃತ್ತಿಕಾಳ ಕೈ ನಿಂತಿತು.

ಹೊಸ ಹಾಸಿನ ಮೊದಲ ಮೊಳ ಬೀದಿಯ ಕೊನೆಯ ಗುಡಿಯಲ್ಲಿರುವ ಚೌಡಮ್ಮನದು. ಅದನ್ನು ಅವಳ ಪಾದಕ್ಕೆ ಒಪ್ಪಿಸದೆ ಆ ಮನೆಯಲ್ಲಿ ಯಾರೂ ಸೀರೆ ಶುರು ಮಾಡಿದವರಲ್ಲ.

ಅಜ್ಜಿ ಬೈಯಲಿಲ್ಲ. ಮೊಮ್ಮಗಳ ಮುಖವನ್ನೇ ನೋಡಿದಳು.

"ಹನ್ನೊಂದು ವರ್ಷ ಮರೀದೋಳು ಈಗ ಮರ್ತಿದ್ದೀ. ಯಾಕೆ ಅಂತ ಕೇಳಲ್ಲ. ತಂದು ಒಪ್ಸು. ಅಲ್ಲೀವರ್ಗೂ ಮಗ್ಗ ನಿಲ್ಲಲಿ."

ಮರುದಿನ ಬೆಳಿಗ್ಗೆ ಕೃತ್ತಿಕಾ ಶಾಲೆಯ ಗೇಟಿನ ಬಳಿ ನಿಂತಿದ್ದಳು. ಅವಳನ್ನು ಕಂಡದ್ದೇ ದಿವಾಕರನ ಮುಖ ಅರಳಿತು.

"ನಾನೇ ಬರ್ಬೇಕು ಅಂತಿದ್ದೆ. ನಿಮ್ಗೆ ಒಂದ್ ಮಾತು ಹೇಳ್ಬೇಕಿತ್ತು..."

"ಸಾರ್, ಆ ತೋರಣ ವಾಪಸ್ ಕೊಡಿ."

ಅವನ ನಗು ಅಲ್ಲೇ ನಿಂತಿತು. "ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ. ಅದು... ಅದು ನಿಮ್ಗೆ ಸೇರ್ಬೇಕಾದ್ದಲ್ಲ."

ಕಾರಣ ಹೇಳಿದರೆ ಒಳಗಿರುವುದೆಲ್ಲ ಹೊರಬೀಳುತ್ತದಲ್ಲ... ಕಣ್ಣು ತುಂಬಿತು. ತೋರಣಕ್ಕೂ ಕಾಯದೆ ತಿರುಗಿ ನಡೆದುಬಿಟ್ಟಳು.

ದಿವಾಕರ್ ಬೇರೆಯೇ ಅರ್ಥ ಮಾಡಿಕೊಂಡ. ತಿರುಪ್ಪೂರಿನಿಂದ ಅವಳಿಗೆ ಸಂಬಂಧ ಬಂದಿದೆಯೆಂದು ಬಸ್ ನಿಲ್ದಾಣದಲ್ಲಿ ಕೇಳಿದ್ದ. 'ಬೇರೆಯವರಿಗೆ ಸೇರಿದವಳು. ಅದನ್ನೇ ಮೆತ್ತಗೆ ಹೇಳಿ ಹೋದಳು,' ಎಂದುಕೊಂಡ. ಆ ಶನಿವಾರ ಅವನು ಬರಲಿಲ್ಲ.

ಮಗ್ಗದ ಸದ್ದಿಲ್ಲದ ಮನೆಯಲ್ಲಿ ಕೃತ್ತಿಕಾ ಕದವನ್ನೇ ನೋಡುತ್ತ ಕುಳಿತಳು. ಮತ್ತೊಮ್ಮೆ ಹೋಗಿ ಕೇಳಲು ಕಾಲು ಏಳಲಿಲ್ಲ. ಅಮ್ಮನ ಋಣವೂ ತೀರಲಿಲ್ಲ, ಅವನ ಮನಸ್ಸೂ ಕೈತಪ್ಪಿತು.

ಮುಂದಿನ ಶುಕ್ರವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವಳು ಅಜ್ಜಿಯೊಂದಿಗೆ ಗುಡಿಯ ಮುಂದೆ ಕುಳಿತಿದ್ದಳು. ಯಾರೋ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ ಸದ್ದಾಯಿತು.

ದಿವಾಕರ್. ಅವನ ಕೈಯಲ್ಲಿ ಬಾಳೆಯೆಲೆಯ ಮೇಲೆ ಮಡಿಸಿಟ್ಟ ತೋರಣವಿತ್ತು.

"ಇಂದುಜಾ ಇವತ್ತು ಹೇಳಿದ್ಲು," ಎಂದ. "'ಸಾರ್, ನಮ್ಮ ಮಗ್ಗ ನಿಂತ್ಹೋಗಿದೆ. ಅಮ್ಮನ ಬಟ್ಟೆ ನಿಮ್ಮ ಬಾಗ್ಲಲ್ಲಿದೆ' ಅಂತ. ಒಂದ್ ಮಾತು ಹೇಳಿದ್ರೆ ಅವತ್ತೇ ಬಿಚ್ಚಿ ಕೊಡ್ತಿದ್ನಲ್ಲ. ನಾನು ಆ ತಿರುಪ್ಪೂರ್ ಸಂಬಂಧ ಗಟ್ಟಿಯಾಯ್ತೇನೋ ಅನ್ಕೊಂಡೆ."

"ಅವ್ರು ಬಂದು ಬಜ್ಜಿ ತಿಂದು ಹೋಗಿ ಒಂದ್ ತಿಂಗ್ಳಾಯ್ತು," ಅಜ್ಜಿ ನಡುವೆ ಬಾಯಿ ಹಾಕಿದಳು. "ಬಜ್ಜಿ ಮಾತ್ರ ಹಿಡಿಸ್ತಂತೆ."

ದಿವಾಕರ್ ಕೃತ್ತಿಕಾಳ ಕಡೆ ತಿರುಗಿದ. "ಮತ್ತೆ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ, ಅಮ್ಮನ ಮೊಳಾನೇ ಹೇಗೆ ಮರ್ತ್ರಿ ಅಂತ ನೀವು ಕೇಳ್ತಿದ್ರಿ."

"ಈಗ ಕೇಳ್ತೀನಿ."

ಅವಳು ದೀಪವನ್ನು ನೋಡಿದಳು. ಆ ತಾಯಿಯ ಎದುರು ಸುಳ್ಳು ಹೇಳಲು ಅವಳಿಗೆ ಬಾರದು.

"ನೇಯುವಾಗ ನಿಮ್ಮನ್ನೇ ನೆನಸ್ಕೊಂಡಿದ್ದೆ," ಎಂದಳು. "ಬೇರೇನೂ ನೆನಪಿರ್ಲಿಲ್ಲ."

ಅವನು ಮೆಲ್ಲನೆ, "ನಾನು ನೂಲಿಗೆ ಬರ್ತಿದ್ದೆ ಅಂತ ನಂಬಿದ್ರಾ? ಮಕ್ಳು ಮೊದಲ್ನೇ ಚೀಲಾನೇ ಮುಗ್ಸಿಲ್ಲ. ಮಿಕ್ಕಿದ್ದೆಲ್ಲ ನನ್ನ ರೂಮಲ್ಲಿದೆ," ಎಂದ.

ಕೃತ್ತಿಕಾಳಿಗೆ ಅಳುವಿನ ನಡುವೆಯೇ ನಗು ಬಂತು.

ಅಜ್ಜಿ ಕೆಮ್ಮಿದಳು. "ವಾತಿಯಾರ್ ಮೇಷ್ಟ್ರೇ, ನಿಮ್ಮ ಮನೇವ್ರನ್ನ ಯಾವಾಗ ಕರ್ಕೊಂಡ್ ಬರ್ತೀರಿ?"

"ಈ ಭಾನುವಾರ, ಅಜ್ಜಿ."

"ಬರೀ ಕೈಲಿ ಬರ್ಬೇಡಿ. ತೋಟದ್ ತೆಂಗಿನ್ಕಾಯಿ ತನ್ನಿ. ಕದ ಮುಚ್ಕೊಂಡ್ ಒಳಗ್ ಬನ್ನಿ."

"ಕ್ಲಾಸಿನ ಬಾಗ್ಲು ಮತ್ತೆ ಬರಿದಾಗ್ತದಲ್ಲ, ಸಾರ್," ಎಂದಳು ಕೃತ್ತಿಕಾ.

"ನೀವು ಇನ್ನೊಂದು ನೇಯೋವರ್ಗೂ ಕಾಯ್ತೀನಿ."

"ಹಾಸಿನ ಕೊನೇ ಮೊಳ ನೇಯ್ದೋರ್ದು, ನನ್ದೇ. ಅದ್ರಲ್ಲಿ ನೇಯ್ತೀನಿ."

"ಅದ್ರಲ್ಲೂ ಗಿಳಿ ಇರ್ಲಿ."

"ಇರ್ತವೆ."

ಪೂಜಾರಿ ಒಳಗಿನಿಂದ ತಟ್ಟೆ ಚಾಚಿದ. ದಿವಾಕರ್ ಬಾಳೆಯೆಲೆಯ ಒಂದು ಅಂಚನ್ನು ಕೃತ್ತಿಕಾಳ ಕೈಗೆ ಕೊಟ್ಟ. ಇಬ್ಬರೂ ಬಾಗಿ, ಅಮ್ಮನದನ್ನು ಅಮ್ಮನಿಗೆ ಒಪ್ಪಿಸಿದರು.