ಇಂಜಿನ್ ನೆತ್ತಿ ಮೇಲಿನ ಹುಡುಗಿ

"ರೀ! ಮೇಲಿರೋರು ಯಾರ್ರೀ? ಮೊದ್ಲು ಕೆಳಗಿಳೀರಿ!"

ರೈಲ್ವೆ ಶೆಡ್‌ನಲ್ಲಿ ಕರೆಂಟ್ ಇಂಜಿನ್ ನೆತ್ತಿ ಮೇಲೆ ಕೂತು, ಕರೆಂಟ್ ಕತ್ತರಿಸೋ ಬ್ರೇಕರ್ ಒರೆಸ್ತಿದ್ದ ಹುಡುಗಿ ಬಗ್ಗಿ ನೋಡಿದ್ಲು. ಕೆಳಗೆ ಹೊಸ ಡ್ರೈವರ್... ಮುಖದಲ್ಲಿ ರಕ್ತಾನೇ ಇಲ್ಲ!

"ಯಾಕ್ರೀ ಹಾಗೆ ಕಿರುಚ್ತೀರಾ? ಮೇಲಿನ ತಂತಿ ಆಫ್ ಆಗಿದೆ, ಅರ್ಥಿಂಗ್ ಕೊಟ್ಟಾಗಿದೆ, ಸ್ವಿಚ್ಚಿನ ಕೀಲಿ ನನ್ನ ಜೇಬಲ್ಲಿದೆ. ಇನ್ನೇನು, ಆರತಿ ಎತ್ತಬೇಕಿತ್ತಾ?"

ಶೆಡ್‌ನವರೆಲ್ಲ ಗೊಳ್ಳಂತ ನಕ್ರು. ಅವನೂ ನಕ್ಕ... ಸ್ವಲ್ಪ ತಡವಾಗಿ.

ಆಮೇಲೆ ಅವನ ಇಂಜಿನ್ ಶೆಡ್‌ಗೆ ಬಂದಾಗೆಲ್ಲ ಇಬ್ಬರದೂ ಟೀ ಒಟ್ಟಿಗೇ.

"ನಿನ್ನೆ ನಿಮ್ಮ ಬ್ರೇಕರ್ ಟಪ್ ಅಂತ ಬಿತ್ತು. ಗಾಡಿ ನಿಂತು ಎಲ್ರೂ ನನ್ನ ಬೈದ್ರು!"

"ಎಲ್ಲೋ ಎಡವಟ್ಟಾಗಿರತ್ತೆ, ಅದು ಕರೆಂಟ್ ಕತ್ತರಿಸಿ ನಿಮ್ಮನ್ನ ಉಳಿಸಿದೆ. ಇಲ್ಲಾಂದ್ರೆ ಈ ಟೀ ಯಾರು ಕುಡೀತಿದ್ರು?"

ಅವನು ಟೀ ಮರೆತು ಅವಳನ್ನೇ ನೋಡ್ತಿದ್ದ. ಅವಳಿಗೂ ಗೊತ್ತಾಗ್ತಿತ್ತು... ಗೊತ್ತಿಲ್ಲದ ಹಾಗಿರ್ತಿದ್ಲು.

ಒಂದಿನ ಶೆಡ್ ಸಾಹೇಬ್ರು ಕರೆದ್ರು.

"ನಾಳೆಯಿಂದ ಸ್ಟೋರ್ ರೂಮಲ್ಲಿ ಕೂತ್ಕೊಳಮ್ಮ."

"ಯಾಕ್ ಸಾರ್? ನಾನೇನು ತಪ್ಪು ಮಾಡ್ದೆ?"

"ನಿನ್ನ ತಪ್ಪೇನಿಲ್ಲ. ಆ ಡ್ರೈವರ್ರೇ ಬಂದು ಗೋಗರೆದ... ನಿನ್ನನ್ನ ಮೇಲೆ ಹತ್ತಿಸಬೇಡಿ ಅಂತ."

ಅವಳು ಒರೆಸೋ ಬಟ್ಟೆ ಮುದುರಿ ಜೇಬಿಗೆ ತುರುಕಿದ್ಲು. ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ? ಪಕ್ಕದಲ್ಲೇ ಕೂತು ಟೀ ಕುಡಿದು, ಹಿಂದಿನಿಂದ ಹೀಗಾ...!

ಸೀದಾ ಹೋಗಿ ಅವನ ಮುಂದೆ ನಿಂತ್ಲು. "ಯಾಕೆ ಹೇಳಿದ್ರಿ?"

ಅವನು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟ.

"ನಮ್ಮಣ್ಣಾನೂ ಹೀಗೇ ಹತ್ತಿದ್ದ. ತಂತಿ ಆಫ್ ಆಗಿದೆ ಅಂದ್ಕೊಂಡು... ಆಗಿರಲಿಲ್ಲ. ಅವನ ಹೆಣ ಇಳಿಸಿದ್ದು ನಾನೇ. ನಿಂಗೇನಾದ್ರೂ ಆದ್ರೆ ನಾನು ತಡ್ಕೊಳಲ್ಲ ಕಣೆ..."

ಕಣೆ! ಮೊದಲ ಸಲ.

ಅವಳ ಕಣ್ಣು ತುಂಬಿತು. ಆದ್ರೂ ಕರಗಲಿಲ್ಲ.

"ನೀವು ಗಾಡಿ ಹತ್ತಿದಾಗ ನಂಗೆ ಭಯ ಆಗಲ್ವಾ? ನಿಮ್ಮನ್ನ ಇಳಿಸಿ ಅಂತ ನಾನು ಯಾರ ಹತ್ರಾನಾದ್ರೂ ಕೇಳಿದ್ನಾ? ನನ್ನ ಕೆಲಸ ಕಿತ್ಕೊಂಡು ಕೊಡೋ ಪ್ರೀತಿ... ನಂಗೆ ಬೇಡ ರೀ."

ಅವಳು ತಿರುಗಿ ನೋಡದೆ ಹೊರಟುಹೋದ್ಲು.

ಸಂಜೆ ಸಾಹೇಬ್ರ ರೂಮಿನ ಬಾಗಿಲಲ್ಲಿ ಅವಳಿಗೆ ಅವನ ದನಿ ಕೇಳಿಸ್ತು. "ಭಯ ನಂದು ಸಾರ್. ಶಿಕ್ಷೆ ಅವಳಿಗೆ ಕೊಡಿಸಿಬಿಟ್ಟೆ. ದಯವಿಟ್ಟು ಅವಳ ಕೆಲಸ ಅವಳಿಗೆ ಕೊಡಿ."

"ಹತ್ತಿಸಬೇಡಿ ಅಂತೀಯ, ಹತ್ತಿಸಿ ಅಂತೀಯ... ನನ್ನನ್ಯಾಕಪ್ಪಾ ಅರೀತೀರಾ ನಿಮ್ಮಿಬ್ಬರ ಮಧ್ಯೆ!"

ಮರುದಿನ ಅವಳು ಮತ್ತೆ ಮೇಲೆ. ಅವನು ಕೆಳಗೆ, ಕಣ್ಣೆಲ್ಲ ಆ ತಂತಿ ಮೇಲೇ.

"ಇನ್ನೂ ಭಯಾನಾ?"

"ಹೂಂ... ತುಂಬಾ."

"ಹಾಗಾದ್ರೆ ಹೋಗಿ, ನೋಡ್ಬೇಡಿ."

"ಇಲ್ಲ. ನೀನು ಇಳಿಯೋವರೆಗೂ ಇಲ್ಲೇ ಇರ್ತೀನಿ."

"ಇವತ್ತೊಂದಿನಾನಾ?"

"ದಿನಾ... ನಿಮ್ಮಮ್ಮನ ಹತ್ರ ಬಂದು ಮಾತಾಡ್ಲಾ?"

ಅವಳು ನಗು ತಡೆಯೋಕಾಗದೆ ಒರೆಸೋ ಬಟ್ಟೆಯಲ್ಲಿ ಮುಖ ಮುಚ್ಕೊಂಡ್ಲು. ಕೆನ್ನೆಗೆಲ್ಲ ಗ್ರೀಸು!

"ಅಮ್ಮಂಗೆ ನಾನು ಹೇಳಿ ಎಷ್ಟೋ ದಿನ ಆಯ್ತು ಕಣೋ, ಪೆದ್ದ... ನೀನು ಯಾವಾಗ ಬಾಯಿ ಬಿಡ್ತೀಯ ಅಂತ ಇಬ್ರೂ ಕಾಯ್ತಾ ಇದ್ವಿ!"